ಕಪ್ಪಿಂಗ್ ಮಾಡಿಸಿಕೊಂಡವರು ಇದ್ದೀರಾ? ಕಾಲಿನ ಮೇಲಿನ ಗುಂಡು ಗುರುತು ನಿಜವಾಗಿ ‘ಕೆಟ್ಟ ರಕ್ತ’ವಾ?

ಮುಂಜಾನೆ ಓಟ · ಸೋಮವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ, ಬೆಂಗಳೂರಿನಲ್ಲಿದ್ದೇನೆ. ಮೊದಲ ಹಾಫ್ ಮ್ಯಾರಥಾನ್‌ಗೆ ತಯಾರಿ ನಡೆಸಿದ್ದೇನೆ. ಮೂರು ವಾರದಿಂದ ಎರಡೂ ಮೀನಖಂಡ ಕಲ್ಲಿನ ಹಾಗೆ ಬಿಗಿದುಕೊಂಡಿವೆ. ಬೆಳಿಗ್ಗೆ ಎದ್ದರೆ ಮೊದಲ ಹತ್ತು ಹೆಜ್ಜೆ ಗೋಡೆ ಹಿಡಿದೇ ಇಡಬೇಕು.

ಜಿಮ್ಮಿನ ತರಬೇತುದಾರರು ಕಪ್ಪಿಂಗ್ ಮಾಡಿಸಿ ಎಂದರು. ಶನಿವಾರ ಮಾಡಿಸಿದೆ. ಬೋರಲು ಮಲಗಿಸಿ, ಎಣ್ಣೆ ಸವರಿ, ಪ್ಲಾಸ್ಟಿಕ್ ಕಪ್ ಇಟ್ಟು ಮೇಲಿನ ಪಂಪ್ ಎಳೆದರು. ಚರ್ಮ ಒಳಗೆ ಇಡ್ಲಿಯ ಹಾಗೆ ಉಬ್ಬಿತು. ಎಂಟು ನಿಮಿಷ ಬಿಟ್ಟು ತೆಗೆದರು. ಆಮೇಲೆ ಕಾಲು ನಿಜವಾಗಿ ಹಗುರ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಸೋಮವಾರ ಬೆಳಿಗ್ಗೆ ಮತ್ತೆ ಅದೇ ಬಿಗಿತ.

ಈಗ ಎರಡೂ ಕಾಲಿನ ಮೇಲೆ ನೇರಳೆ ಹಣ್ಣಿನ ಬಣ್ಣದ ಗುಂಡು ಗುರುತುಗಳಿವೆ. “ಗುರುತು ಎಷ್ಟು ಕಪ್ಪಗಿದೆಯೋ ಅಷ್ಟು ಕೆಟ್ಟ ರಕ್ತ ಸೇರಿದೆ, ಹತ್ತು ಸಲ ಮಾಡಿಸಿದರೆ ತಿಳಿಯಾಗುತ್ತದೆ” ಎಂದು ಹೇಳಿ 12,000 ರೂಪಾಯಿಯ ಪ್ಯಾಕೇಜ್ ಕೊಟ್ಟಿದ್ದಾರೆ. ಅರ್ಧ ದುಡ್ಡು ಕಟ್ಟಿಯೂ ಆಗಿದೆ. ಮಾಡಿಸಿಕೊಂಡ ಅನುಭವ ಇರುವವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಸೈಕಲ್ · 9:20

ಮುಂದಿನ ಕಂತು ಕಟ್ಟಬೇಡಿ. ಮೊದಲು ಇಲ್ಲಿ ನಾಲ್ಕು ಜನ ಏನು ಹೇಳುತ್ತಾರೆ ಕೇಳಿ.

ಐರನ್ ರಾಜು · 9:31

ನಾನು ಒಂದು ವರ್ಷದಿಂದ ಮಾಡಿಸುತ್ತಿದ್ದೇನೆ, ಸೂಪರ್ ಇದೆ. ಲೆಗ್ ಡೇ, ಅಂದರೆ ಜಿಮ್ಮಿನಲ್ಲಿ ಕಾಲಿನ ವ್ಯಾಯಾಮದ ದಿನ, ಆದ ಮಾರನೇ ದಿನ ಮಾಡಿಸಿದರೆ ವ್ಯಾಯಾಮದಿಂದ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಸಿಡ್ ಎಲ್ಲ ಹೊರಗೆ ಬರುತ್ತದೆ. ಮೈಕೆಲ್ ಫೆಲ್ಪ್ಸ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಭುಜದ ತುಂಬ ಇದೇ ಗುರುತು ಇಟ್ಟುಕೊಂಡು ಈಜಿದರು. ಐದು ಚಿನ್ನ, ಒಂದು ಬೆಳ್ಳಿ. ಇನ್ನೇನು ಸಾಕ್ಷಿ ಬೇಕು?

ಫಿಸಿಯೋ ಮೈಸೂರು · 9:58

ರಾಜು ಅವರೇ, ಲ್ಯಾಕ್ಟಿಕ್ ಆಸಿಡ್ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ವ್ಯಾಯಾಮ ನಿಲ್ಲಿಸಿದ ಸುಮಾರು ಒಂದು ಗಂಟೆಯೊಳಗೆ ದೇಹ ಅದನ್ನು ತಾನೇ ಬಳಸಿ ಮುಗಿಸುತ್ತದೆ. ಮಾರನೇ ದಿನ ನೀವು ಕಪ್ ಇಡುವಾಗ ಎಳೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಎರಡು ಮೂರು ದಿನ ಇರುವ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಸಣ್ಣ ಪೆಟ್ಟಿನದು. ಇಳಿಜಾರಿನಲ್ಲಿ ಓಡಿದಾಗ, ಭಾರವನ್ನು ನಿಧಾನವಾಗಿ ಕೆಳಗಿಳಿಸಿದಾಗ ಜಾಸ್ತಿ ಆಗುತ್ತದೆ.

ಫೆಲ್ಪ್ಸ್ ವಿಷಯ. ರಿಯೊಗೆ ಹೋಗುವ ಮುಂಚೆಯೇ ಅವರ ಹತ್ತಿರ 22 ಒಲಿಂಪಿಕ್ ಪದಕ ಇತ್ತು. ಅಂಥ ಈಜುಗಾರ ಮೈಗೆ ಹಚ್ಚಿಕೊಂಡಿದ್ದೆಲ್ಲ ಗೆಲುವಿಗೆ ಕಾರಣ ಎನ್ನಲು ಆಗುವುದಿಲ್ಲ, ಅಲ್ವಾ?

ನನ್ನ ಕ್ಲಿನಿಕ್‌ನಲ್ಲಿ ನಾನೂ ಕಪ್ ಇಡುತ್ತೇನೆ. 14 ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಕತ್ತು ಹಿಡಿದುಕೊಂಡು ತಿರುಗಿಸಲಾಗದೆ ಬಂದವರಿಗೆ ಐದು ನಿಮಿಷ ಕಪ್ ಇಟ್ಟರೆ ಸ್ವಲ್ಪ ಸಡಿಲ ಆಗುತ್ತದೆ. ಆ ಸಡಿಲ ಇರುವ ಒಂದೆರಡು ಗಂಟೆಯಲ್ಲಿ ವ್ಯಾಯಾಮ ಮಾಡಿಸಿಬಿಡುತ್ತೇನೆ. ಅಷ್ಟೇ ಅದರ ಕೆಲಸ. ಕಪ್ ಇಟ್ಟು ಸುಮ್ನೆ ಮನೆಗೆ ಕಳಿಸಿದರೆ ಮೂರನೇ ದಿನ ವಾಪಸ್ ಬರುತ್ತಾರೆ, ನಿಮಗೆ ಆದ ಹಾಗೆ.

ಮೇಡಂ, ಗುರುತು ಕೆಟ್ಟ ರಕ್ತ ಅಲ್ಲ. ಎಳೆತಕ್ಕೆ ಚರ್ಮದ ಕೆಳಗಿನ ಕೂದಲೆಳೆಯಂಥ ರಕ್ತನಾಳಗಳು ಒಡೆದು ರಕ್ತ ಅಲ್ಲೇ ಹರಡಿದೆ. ಬಾಗಿಲಿಗೆ ಮೊಣಕೈ ಬಡಿದಾಗ ಕಂದುಗಟ್ಟುತ್ತದಲ್ಲ, ಅದೇ. ಎಷ್ಟು ಜೋರಾಗಿ ಎಳೆದರು, ಎಷ್ಟು ಹೊತ್ತು ಬಿಟ್ಟರು, ನಿಮ್ಮ ಚರ್ಮ ಎಂಥದ್ದು, ಇದರ ಮೇಲೆ ಬಣ್ಣ ನಿಂತಿರುತ್ತದೆ. ಮೈಯ ಕಸ ತೆಗೆಯಲು ಲಿವರ್ ಮತ್ತು ಕಿಡ್ನಿ ಇವೆ.

ಈಗ ನನ್ನ ಪ್ರಶ್ನೆ. ವಾರಕ್ಕೆ ಎಷ್ಟು ಕಿಲೋಮೀಟರ್ ಓಡುತ್ತೀರಿ? ತಿಂಗಳ ಹಿಂದೆ ಎಷ್ಟಿತ್ತು? ನೋವು ಎರಡೂ ಕಾಲಿಗೆ ಒಂದೇ ಸಮ ಇದೆಯಾ? ಒಂದೇ ಕಾಲು ಊದಿ, ಬಿಸಿಯಾಗಿ, ಕೆಂಪಾಗಿದ್ದರೆ ಈ ಚರ್ಚೆ ಬಿಟ್ಟು ಈಗಲೇ ಆಸ್ಪತ್ರೆಗೆ ಹೋಗಿ. ಅದು ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರ ಲಕ್ಷಣ ಆಗಿರಬಹುದು.

ಮುಂಜಾನೆ ಓಟ · 10:06

ಎರಡೂ ಕಾಲು ಒಂದೇ ಸಮ ಸರ್. ಊತ ಇಲ್ಲ. ವಾರಕ್ಕೆ 25 ಕಿಲೋಮೀಟರ್ ಓಡುತ್ತಿದ್ದೆ. ಮೂರು ವಾರದಲ್ಲಿ 45 ಮಾಡಿದ್ದೇನೆ.

ಫಿಸಿಯೋ ಮೈಸೂರು · 10:09

ಸಿಕ್ಕಿಬಿದ್ದ ಕಳ್ಳ. ಓಟವನ್ನು ಒಮ್ಮೆಲೇ ಇಷ್ಟು ಏರಿಸಿದ್ದೇ ಬಿಗಿತಕ್ಕೆ ಕಾರಣ.

ತೋಟದ ಮನೆ · 10:25

ನಾನು ತೀರ್ಥಹಳ್ಳಿ ಕಡೆಯವನು. ಇದು ಹೊರಗಿನಿಂದ ಬಂದ ಹೊಸ ವಿದ್ಯೆ ಎಂದು ಯಾರೂ ತಿಳಿಯಬೇಡಿ. ಚಿಕ್ಕವನಿದ್ದಾಗ ಹೊಟ್ಟೆ ಹಿಡಿದುಕೊಂಡರೆ ನಮ್ಮ ಅಜ್ಜಿ ಅಂಗಾತ ಮಲಗಿಸುತ್ತಿದ್ದರು. ಹೊಕ್ಕುಳ ಮೇಲೆ ವೀಳ್ಯದೆಲೆ, ಅದರ ಮೇಲೆ ಸಣ್ಣ ಹಣತೆ. ಬತ್ತಿ ಹಚ್ಚಿ ತಾಮ್ರದ ಚೊಂಬು ಕವುಚಿಬಿಡುತ್ತಿದ್ದರು. ಕ್ಷಣದಲ್ಲಿ ಚೊಂಬು ಹೊಟ್ಟೆಗೆ ಕಚ್ಚಿಕೊಳ್ಳುತ್ತಿತ್ತು. ಅಜ್ಜಿ ಅದನ್ನು ಮೆಲ್ಲಗೆ ಮೇಲಕ್ಕೆ ಎತ್ತಿದರೆ ನನ್ನ ಹೊಟ್ಟೆಯೂ ಜೊತೆಗೆ ಏಳುತ್ತಿತ್ತು. ತೆಗೆಯುವಾಗ ಅಂಚಿನಲ್ಲಿ ಬೆರಳು ಒತ್ತಿದರೆ ‘ಪಕ್’ ಅಂತ ಸದ್ದು. ಆ ತಾಮ್ರದ ಬಿಸಿ ಇನ್ನೂ ನೆನಪಿದೆ. ನೋವು ಕಮ್ಮಿ ಆಗುತ್ತಿತ್ತು, ನಿಜ. ಒಳಗೆ ಏನಾಗುತ್ತಿತ್ತು ಎಂದು ನನಗೆ ಗೊತ್ತಿಲ್ಲ.

ಐರನ್ ರಾಜು · 10:31

ನೋಡಿ! ಬೆಂಕಿ ಒಳಗಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ, ಅದಕ್ಕೆ ಎಳೆಯುತ್ತದೆ.

ವಿಜ್ಞಾನದ ಮೇಷ್ಟ್ರು · 10:50

ಈ ಆಮ್ಲಜನಕದ ಕಥೆಯನ್ನು 30 ವರ್ಷದಿಂದ ತರಗತಿಯಲ್ಲಿ ತಿದ್ದುತ್ತಾ ಬಂದಿದ್ದೇನೆ, ಇಲ್ಲೂ ತಿದ್ದುತ್ತೇನೆ. ಉರಿಯುವಾಗ ಆಮ್ಲಜನಕ ಖರ್ಚಾಗುತ್ತದೆ, ಆದರೆ ಅದರ ಜಾಗಕ್ಕೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಬರುತ್ತವೆ. ಮುಖ್ಯ ಕಾರಣ ಬಿಸಿ. ಗಾಳಿ ಕಾದು ಹಿಗ್ಗುತ್ತದೆ, ಸ್ವಲ್ಪ ಹೊರಗೆ ಹೋಗುತ್ತದೆ. ಚೊಂಬು ಕವುಚಿದ ಮೇಲೆ ಬೆಂಕಿ ಆರುತ್ತದೆ, ಒಳಗೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಒಳಗಿನ ಒತ್ತಡ ಕಮ್ಮಿ, ಹೊರಗಿನದು ಜಾಸ್ತಿ. ಚರ್ಮ ಮೇಲೇಳುತ್ತದೆ.

ನಂಬದಿದ್ದರೆ ಮನೆಯಲ್ಲಿ ದೃಷ್ಟಿ ತೆಗೆಯುವುದನ್ನು ನೆನಪಿಸಿಕೊಳ್ಳಿ. ತಟ್ಟೆಯಲ್ಲಿ ಓಕುಳಿ ನೀರು, ಚೊಂಬಿನೊಳಗೆ ಉರಿಯುವ ಬಟ್ಟೆ, ಕವುಚಿದರೆ ಮೊದಲು ಗುಳುಗುಳು ಸದ್ದು. ಅದು ಹಿಗ್ಗಿದ ಗಾಳಿ ಹೊರಗೆ ಬರುವ ಸದ್ದು. ನೀರು ಜೋರಾಗಿ ಒಳಗೆ ಹೋಗುವುದು ಬೆಂಕಿ ಆರಿದ ಮೇಲೆ. ಅಮ್ಮಂದಿರು “ಎಷ್ಟು ದೃಷ್ಟಿ ಬಿದ್ದಿದೆ ನೋಡು, ನೀರೆಲ್ಲ ಎಳೆದುಕೊಂಡಿತು” ಎನ್ನುತ್ತಾರೆ. ಜಿಮ್ಮಿನವರು “ಎಷ್ಟು ಕೆಟ್ಟ ರಕ್ತ ನೋಡಿ” ಎನ್ನುತ್ತಾರೆ. ಚೊಂಬು ದೊಡ್ಡದಾಗಿ ಬೆಂಕಿ ಜೋರಾಗಿದ್ದರೆ ಯಾರ ಮನೆಯಲ್ಲಾದರೂ ನೀರು ಜಾಸ್ತಿಯೇ ಏರುತ್ತದೆ.

ಗರಡಿ ಮನೆ · 11:15

ಮೈಸೂರಿನಲ್ಲಿ ಹತ್ತು ವರ್ಷ ಸಾಮು ಮಾಡಿದ್ದೇನೆ. ನಮ್ಮ ಉಸ್ತಾದರು ಕಪ್ ಗಿಪ್ ಇಟ್ಟವರಲ್ಲ. ಕುಸ್ತಿಯ ಮಟ್ಟಿಯಿಂದ ಎದ್ದ ಮೇಲೆ ಎಣ್ಣೆ ಮಾಲೀಸು, ಬಿಸಿನೀರು, ಬಾದಾಮಿ ಹಾಲು, ಮಧ್ಯಾಹ್ನ ನಿದ್ದೆ. ನೋವು ಜಾಸ್ತಿ ಇದ್ದ ದಿನ ಜೋಡಿ ಬಿಡುತ್ತಿರಲಿಲ್ಲ, ಬರೀ ಬಸ್ಕಿ. ಇವತ್ತಿನವರಿಗೆ ನಿದ್ದೆ ಮಾಡಿ ಎಂದರೆ ಕೋಪ ಬರುತ್ತದೆ. ಅಕ್ಕ, ರಾತ್ರಿ ಎಷ್ಟು ಗಂಟೆ ಮಲಗುತ್ತೀರಿ?

ಮುಂಜಾನೆ ಓಟ · 11:22

ಈಗಲೇ 11:22. ಬೆಳಿಗ್ಗೆ 4:45ಕ್ಕೆ ಏಳಬೇಕು. ಅರ್ಥವಾಯಿತು ಅಣ್ಣ, ಮಲಗುತ್ತೇನೆ.

ಭಟ್ಕಳ ಟು ದುಬೈ · ಮಂಗಳವಾರ ಬೆಳಿಗ್ಗೆ 7:40

ನಮ್ಮಲ್ಲಿ ಇದನ್ನು ಹಿಜಾಮಾ ಎನ್ನುತ್ತೇವೆ. ನಮಗೆ ಇದು ಸುನ್ನತ್, ಅಂದರೆ ಪ್ರವಾದಿಯವರು ನಡೆದು ತೋರಿಸಿದ ದಾರಿ, ಬರೀ ಚಿಕಿತ್ಸೆ ಅಲ್ಲ. ನಾನು ವರ್ಷಕ್ಕೆ ಎರಡು ಸಲ ಮಾಡಿಸುತ್ತೇನೆ. ಇಲ್ಲಿ ನಾನು ಹೋಗುವ ಕಡೆ ಮೊದಲು ಬಿಪಿ ನೋಡುತ್ತಾರೆ, ಯಾವ ಮಾತ್ರೆ ತಗೊಳ್ಳುತ್ತೀರಿ ಎಂದು ಬರೆಸಿಕೊಳ್ಳುತ್ತಾರೆ. ಕಪ್ ಮತ್ತು ಬ್ಲೇಡಿನ ಪೊಟ್ಟಣವನ್ನು ನಮ್ಮ ಕಣ್ಣೆದುರೇ ಹರಿಯುತ್ತಾರೆ. ಮುಗಿದ ಮೇಲೆ ನಮ್ಮ ಎದುರೇ ಎಸೆಯುತ್ತಾರೆ. ಜಿಮ್ಮಿನಲ್ಲಿ ತರಬೇತುದಾರರು ಮಾಡುವುದನ್ನು ನೋಡಿ ಹಿಜಾಮಾ ಎಂದರೆ ಹೀಗೆ ಎಂದು ಯಾರೂ ತಿಳಿಯಬಾರದು. ಅದು ನನಗೆ ಬೇಸರ.

ಯುನಾನಿ ಹುಡುಗಿ · 8:30

ಭಟ್ಕಳದ ಭಾಯಿ ಹೇಳಿದ್ದು ಸರಿ. ನಾನು ಯುನಾನಿ ಓದುತ್ತಿದ್ದೇನೆ. ಬೆಂಗಳೂರಿನ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯೇ ಇದೆ, ಕೇಂದ್ರ ಸರ್ಕಾರದ್ದು. ಇದರಲ್ಲಿ ಎರಡು ಬಗೆ. ಕೊಯ್ಯದೆ ಬರೀ ಎಳೆಯುವುದು ಒಣ ಕಪ್ಪಿಂಗ್. ಚರ್ಮದ ಮೇಲೆ ತೀರಾ ತೆಳುವಾಗಿ ಗೀರಿ ರಕ್ತ ತೆಗೆಯುವುದು ಹಸಿ ಕಪ್ಪಿಂಗ್. ಎರಡನೆಯದನ್ನು ಓದದವರು ಮುಟ್ಟಲೇಬಾರದು.

ಆಯುರ್ವೇದದಲ್ಲೂ ಇದೆ. ಸುಶ್ರುತ ಸಂಹಿತೆಯಲ್ಲಿ ರಕ್ತಮೋಕ್ಷಣಕ್ಕೆ, ಅಂದರೆ ಮೈಯಿಂದ ರಕ್ತ ತೆಗೆಯುವ ಚಿಕಿತ್ಸೆಗೆ, ವಾತಕ್ಕೆ ಕೊಂಬು, ಪಿತ್ತಕ್ಕೆ ಜಿಗಣೆ, ಕಫಕ್ಕೆ ಸೋರೆಬುರುಡೆ ಎಂದು ಹೇಳಿದೆ. ಬುರುಡೆಯೊಳಗೆ ದೀಪ ಇಟ್ಟು ಕವುಚುವುದು. ತೋಟದ ಮನೆಯ ಅಜ್ಜಿಯ ಚೊಂಬಿಗೆ ಹತ್ತಿರದ ಸಂಬಂಧಿ.

ತೋಟದ ಮನೆ · 8:41

ಜಿಗಣೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವವರು ಮಳೆಗಾಲದಲ್ಲಿ ನಮ್ಮ ತೋಟಕ್ಕೆ ಬನ್ನಿ. ಇಂಬಳ ಬೇಕಾದಷ್ಟಿವೆ. ಸುಣ್ಣ ಹಚ್ಚಿ ಕಿತ್ತರೂ ಕಚ್ಚಿದ ಜಾಗದಿಂದ ಬಹಳ ಹೊತ್ತು ರಕ್ತ ಸೋರುತ್ತಲೇ ಇರುತ್ತದೆ.

ಯುನಾನಿ ಹುಡುಗಿ · 8:47

ಜಿಗಣೆಯ ಜೊಲ್ಲಿನಲ್ಲಿ ಹಿರುಡಿನ್ ಎಂಬ ವಸ್ತು ಇದೆ. ಅದು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಅದಕ್ಕೇ ಸೋರುವುದು.

ನಿರ್ವಾಹಕ · 9:05

ಮೊಬೈಲ್ ನಂಬರ್ ಮತ್ತು ‘ಮನೆಗೇ ಬಂದು ಕಪ್ಪಿಂಗ್’ ಜಾಹೀರಾತು ಇದ್ದ ಎರಡು ಪೋಸ್ಟ್ ತೆಗೆದಿದ್ದೇನೆ. ಮತ್ತೆ ಹಾಕಿದರೆ ಖಾತೆ ಬಂದ್.

ಮುಂಜಾನೆ ಓಟ · ಮಂಗಳವಾರ ಮಧ್ಯಾಹ್ನ 1:15

ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಮಾತು ಕೇಳಬೇಕಿತ್ತು. ನನ್ನ ಕಾಲು ನೋಡಿ ಅಮ್ಮನಿಗೂ ಆಸೆ ಬಂದಿದೆ. ಅವರಿಗೆ 63, ಮಂಡಿ ನೋವು. ಅದೇ ತರಬೇತುದಾರರಿಗೆ ಗೊತ್ತಿರುವ ಒಬ್ಬರು ಈ ಶನಿವಾರ ಮನೆಗೆ ಬಂದು ಹಸಿ ಕಪ್ಪಿಂಗ್ ಮಾಡುತ್ತೇವೆ ಎಂದಿದ್ದಾರೆ. ಅಮ್ಮನಿಗೆ ಏಳು ತಿಂಗಳ ಹಿಂದೆ ಸ್ಟೆಂಟ್ ಹಾಕಿದೆ, ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ತಗೊಳ್ಳುತ್ತಾರೆ, ಸಕ್ಕರೆ ಕಾಯಿಲೆಯೂ ಇದೆ. ತೊಂದರೆ ಇಲ್ಲ ಅಲ್ವಾ?

ನರ್ಸ್ ಶಿವಮೊಗ್ಗ · 1:22

ತೊಂದರೆ ಇದೆ. ಬೇಡ. ದಯವಿಟ್ಟು ಬೇಡ.

ಐರನ್ ರಾಜು · 1:30

ಎರಡು ದಿನ ಮಾತ್ರೆ ನಿಲ್ಲಿಸಿ ಮಾಡಿಸಿದರೆ ಆಯಿತು. ನಮ್ಮ ದೊಡ್ಡಪ್ಪ ಹಲ್ಲು ಕೀಳಿಸುವಾಗ ಹಾಗೇ ಮಾಡಿದ್ದರು.

ನರ್ಸ್ ಶಿವಮೊಗ್ಗ · 1:48

ರಾಜು, ಈ ಮಾತನ್ನು ಯಾರಿಗೂ ಹೇಳಬೇಡಪ್ಪ. ಇದನ್ನು ಓದಿ ಯಾರಾದರೂ ಮಾಡಿಬಿಟ್ಟರೆ ಏನು ಗತಿ?

ನಾನು ಹೃದಯದ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ಸ್ಟೆಂಟ್ ಎಂದರೆ ರಕ್ತನಾಳದೊಳಗೆ ಇಟ್ಟ ಲೋಹದ ಬಲೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಎಂದೇ ಆ ಎರಡು ಮಾತ್ರೆ. ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಕೊಂಡು ಹಾರ್ಟ್ ಅಟ್ಯಾಕ್ ಆಗಬಹುದು. ಹಲ್ಲು ಕೀಳಿಸುವುದಕ್ಕೂ ಡಾಕ್ಟರ್ ಹೇಳದೆ ನಿಲ್ಲಿಸಬಾರದು.

ನಿಲ್ಲಿಸದೆ ಮಾಡಿಸಿದರೆ? ಮೇಲೆ ಇಂಬಳದ ಮಾತು ಬಂತಲ್ಲ. ದಾರಿ ಬೇರೆ, ಆದರೆ ಈ ಮಾತ್ರೆಗಳೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಮೈ ಗೀರಿ ಅದರ ಮೇಲೆ ಕಪ್ ಇಟ್ಟು ಎಳೆದರೆ ರಕ್ತ ಬೇಗ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಗಾಯ ಮಾಯುವುದು ನಿಧಾನ, ಕೀವಾಗುವುದು ಬೇಗ. ಬ್ಲೇಡ್ ಹೊಸದಲ್ಲದಿದ್ದರೆ ಹೆಪಟೈಟಿಸ್ ಬಿ, ಸಿ ಭಯ ಬೇರೆ. ಮನೆಗೆ ಬರುವ ಆ ವ್ಯಕ್ತಿ ಅಮ್ಮನ ಮಾತ್ರೆ ಯಾವುದು ಎಂದು ಒಂದು ಸಲವಾದರೂ ಕೇಳಿದರಾ?

ಮುಂಜಾನೆ ಓಟ · 1:52

ಕೇಳಲಿಲ್ಲ.

ಭಟ್ಕಳ ಟು ದುಬೈ · 2:10

ಸಹೋದರಿ, ನರ್ಸ್ ಅಕ್ಕ ಹೇಳಿದ್ದನ್ನು ಕೇಳಿ. ಹಿಜಾಮಾ ಮೇಲೆ ನಂಬಿಕೆ ಇಟ್ಟಿರುವ ನಾನೇ ಹೇಳುತ್ತಿದ್ದೇನೆ. ಔಷಧ ಕೇಳದೆ ಬ್ಲೇಡ್ ಹಿಡಿಯುವವರನ್ನು ಮನೆಯೊಳಗೆ ಬಿಡಬೇಡಿ. ನಮ್ಮ ತಂದೆಗೆ ಸ್ಟೆಂಟ್ ಹಾಕಿದ ಮೇಲೆ ಹಿಜಾಮಾ ಮಾಡುವವರೇ ಬೇಡ ಎಂದು ವಾಪಸ್ ಕಳಿಸಿದರು.

ಯುನಾನಿ ಹುಡುಗಿ · 2:25

ನಮ್ಮ ಪಾಠದಲ್ಲೂ ಇದು ಬೇಡ ಎಂದೇ ಇದೆ. ರಕ್ತ ತೆಳುವಾಗಿಸುವ ಮಾತ್ರೆ, ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ), ರಕ್ತಹೀನತೆ, ಗರ್ಭಿಣಿಯರು, ಉಬ್ಬಿದ ರಕ್ತನಾಳ, ತೆರೆದ ಗಾಯ, ಇಂಥ ಕಡೆ ಕೈ ಹಾಕುವುದಿಲ್ಲ. ಸೋರಿಯಾಸಿಸ್ ಇರುವವರಿಗೆ ಕಪ್ ಇಟ್ಟ ಜಾಗದಲ್ಲೇ ಹೊಸ ಕಲೆ ಏಳಬಹುದು, ತೊನ್ನಿಗೂ ಹಾಗೇ.

ಐರನ್ ರಾಜು · 3:40

ನರ್ಸ್ ಅಕ್ಕ, ಗೊತ್ತಿರಲಿಲ್ಲ. ನನ್ನ ಮಾತು ವಾಪಸ್ ತಗೊಳ್ಳುತ್ತೇನೆ. ದೊಡ್ಡಪ್ಪನಿಗೂ ಇವತ್ತೇ ಫೋನ್ ಮಾಡುತ್ತೇನೆ. ಆದರೆ ಒಣ ಕಪ್ಪಿಂಗ್‌ನಿಂದ ನನ್ನ ಭುಜಕ್ಕೆ ಒಳ್ಳೆಯದಾಗಿದೆ ಎಂಬುದನ್ನು ಮಾತ್ರ ಬಿಡುವುದಿಲ್ಲ.

ಫಿಸಿಯೋ ಮೈಸೂರು · 4:15

ಬಿಡಬೇಡಿ ರಾಜು, ಹಗುರ ಆಗುವುದು ಸುಳ್ಳಲ್ಲ. ಏಕೆ ಆಗುತ್ತದೆ ಎಂಬುದರಲ್ಲಿ ನಮ್ಮ ಜಗಳ. 2016ರಲ್ಲಿ ಜರ್ಮನಿಯ ಸಂಶೋಧಕರು ಒಂದು ಚಂದದ ಕೆಲಸ ಮಾಡಿದರು. ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ವರ್ಷಗಟ್ಟಲೆ ನೋಯುವ ಕಾಯಿಲೆ ಇರುವವರಲ್ಲಿ ಕೆಲವರಿಗೆ ನಿಜವಾದ ಕಪ್ ಇಟ್ಟರು, ಕೆಲವರಿಗೆ ಸಣ್ಣ ತೂತು ಇರುವ ಕಪ್ ಇಟ್ಟರು. ತೂತಿನ ಕಪ್‌ನಲ್ಲಿ ಎಳೆತ ನಿಲ್ಲುವುದಿಲ್ಲ. ಏನೂ ಹೊಸದು ಮಾಡದವರಿಗಿಂತ ಕಪ್ ಇಟ್ಟವರ ನೋವು ಕಮ್ಮಿ ಆಯಿತು. ಆದರೆ ನಿಜವಾದ ಕಪ್ಪಿಗೂ ತೂತಿನ ಕಪ್ಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಯಾರೋ ಗಮನ ಕೊಟ್ಟು ಮುಟ್ಟಿದರು, ಅರ್ಧ ಗಂಟೆ ಸುಮ್ಮನೆ ಮಲಗಿದೆವು, ಕಮ್ಮಿ ಆಗುತ್ತದೆಂದು ನಂಬಿದೆವು. ಇವೂ ನೋವು ಇಳಿಸುತ್ತವೆ.

ಹಾಗಾಗಿ ನಿಮ್ಮ ಭುಜಕ್ಕೆ ಮಾಡಿಸಿಕೊಳ್ಳಿ, ಚರ್ಮ ಸುಡದಿರಲಿ, ನೀರುಗುಳ್ಳೆ ಏಳುವಷ್ಟು ಹೊತ್ತು ಬಿಡುವುದು ಬೇಡ. ಹತ್ತು ಸಲದ ಪ್ಯಾಕೇಜ್ ಮಾತ್ರ ಬೇಡ.

ಮುಂಜಾನೆ ಮೇಡಂ, ನಿಮಗೆ. 45 ಕಿಲೋಮೀಟರ್‌ನಿಂದ ಈ ವಾರ 25ಕ್ಕೆ ಇಳಿಯಿರಿ. ನಿಧಾನವಾಗಿ, ಮಾತಾಡಿಕೊಂಡು ಓಡುವಷ್ಟು ವೇಗ. ಮನೆಯ ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಮಾತ್ರ ಇಟ್ಟು ನಿಂತುಕೊಳ್ಳಿ, ಕಂಬಿ ಹಿಡಿದುಕೊಳ್ಳಿ. ಎರಡೂ ಹಿಮ್ಮಡಿ ಮೇಲಕ್ಕೆ ಎತ್ತಿ. ಆಮೇಲೆ ಮೂರು ಎಣಿಸುತ್ತಾ ಮೆಟ್ಟಿಲ ಮಟ್ಟದವರೆಗೆ ಇಳಿಸಿ, ಸದ್ಯಕ್ಕೆ ಅದಕ್ಕಿಂತ ಕೆಳಗೆ ಬೇಡ. ಹನ್ನೆರಡು ಸಲ, ಮೂರು ಸರದಿ, ದಿನ ಬಿಟ್ಟು ದಿನ. ಎರಡು ವಾರದಲ್ಲಿ ಕಮ್ಮಿ ಆಗದಿದ್ದರೆ ಹತ್ತಿರದ ಫಿಸಿಯೋಗೆ ಕಾಲು ತೋರಿಸಿ, ಫೋಟೋ ಅಲ್ಲ.

ಗರಡಿ ಮನೆ · 4:30

ನಿದ್ದೆ ಬಿಟ್ಟಿರಿ ಸರ್.

ಫಿಸಿಯೋ ಮೈಸೂರು · 4:32

ನಿದ್ದೆ ಎಲ್ಲಕ್ಕಿಂತ ಮೊದಲು, ಉಸ್ತಾದ್.

ಹುಬ್ಬಳ್ಳಿ ಸೈಕಲ್ · 6:05

ಬಾದಾಮಿ ಹಾಲಿನ ಬದಲು ಶೇಂಗಾ ಹಿಂಡಿ, ಜೋಳದ ರೊಟ್ಟಿ ನಡೆಯುತ್ತದಾ? ನೂರು ಕಿಲೋಮೀಟರ್ ತುಳಿದ ಮೇಲೆ ನನಗೆ ಅದೇ ಬೇಕು.

ಗರಡಿ ಮನೆ · 6:11

ಧಾರಾಳವಾಗಿ. ಜೊತೆಗೆ ಕಾಳು ಪಲ್ಯ ಇರಲಿ.

ಮುಂಜಾನೆ ಓಟ · ಗುರುವಾರ ರಾತ್ರಿ 8:50

ಅಮ್ಮನ ಹೃದಯದ ಡಾಕ್ಟರ್ ಹತ್ತಿರ ಹೋಗಿಬಂದೆವು. ಕೇಳಿದ ತಕ್ಷಣ ಅವರು ಪೆನ್ ಕೆಳಗಿಟ್ಟು “ಯಾರು ಹೇಳಿದ್ದು?” ಎಂದರು. ಮಾತ್ರೆ ಒಂದು ದಿನವೂ ತಪ್ಪಿಸಬಾರದು, ಹಸಿ ಕಪ್ಪಿಂಗ್ ಬೇಡವೇ ಬೇಡ ಎಂದು ಚೀಟಿಯ ಮೇಲೆ ಬರೆದೇ ಕೊಟ್ಟರು. ಆ ಚೀಟಿಯನ್ನು ಅಮ್ಮ ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾರೆ. ಮಂಡಿಗೆ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಹೇಳಿಸಿಕೊಂಡು ಬಂದಿದ್ದೇವೆ. ಕುರ್ಚಿ ಮೇಲೆ ಕೂತು ಕಾಲು ಚಾಚಿ ಹತ್ತು ಎಣಿಸುವುದು. ಅಮ್ಮ ಟಿವಿ ನೋಡುತ್ತಾ ಮಾಡುತ್ತಿದ್ದಾರೆ.

ಶನಿವಾರ ಬರಬೇಕಿದ್ದವರಿಗೆ ಬೇಡ ಎಂದೆ. “ಇಂಗ್ಲಿಷ್ ಡಾಕ್ಟರ್‌ಗಳು ಹಾಗೇ ಹೇಳುತ್ತಾರೆ” ಎಂದು ಫೋನ್ ಇಟ್ಟರು. ಪ್ಯಾಕೇಜ್ ದುಡ್ಡು ವಾಪಸ್ ಕೇಳಿದ್ದೇನೆ, ಇನ್ನೂ ಉತ್ತರ ಇಲ್ಲ. ದುಡ್ಡು ಹೋದರೂ ಪರವಾಗಿಲ್ಲ. ಮಂಗಳವಾರ ಇಲ್ಲಿ ಕೇಳದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಕೈ ನಡುಗುತ್ತದೆ. ನರ್ಸ್ ಅಕ್ಕ, ನಿಮ್ಮನ್ನು ಮರೆಯುವುದಿಲ್ಲ.

ನರ್ಸ್ ಶಿವಮೊಗ್ಗ · 9:10

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಮಾತ್ರೆ ಮುಗಿಯುವ ಒಂದು ವಾರ ಮುಂಚೆಯೇ ತಂದಿಡಿ.

ತೋಟದ ಮನೆ · 9:25

ಕಾಲಿನ ಗುರುತು ಹೋಯಿತಾ ಅಕ್ಕ?

ಮುಂಜಾನೆ ಓಟ · 9:31

ನೇರಳೆ ಹೋಗಿ ಹಸಿರು ಮಿಶ್ರಿತ ಹಳದಿ ಆಗಿದೆ. ಮಾಗಿದ ಮಾವಿನ ಸಿಪ್ಪೆಯ ಹಾಗೆ.

ಫಿಸಿಯೋ ಮೈಸೂರು · 9:40

ಮಾಯುವ ದಾರಿಯಲ್ಲಿದೆ. ಒಟ್ಟು ಒಂದರಿಂದ ಎರಡು ವಾರ ಹಿಡಿಯುತ್ತದೆ. ಏನೂ ಹಚ್ಚಬೇಡಿ, ಉಜ್ಜಬೇಡಿ.

ಕರಾವಳಿ ಕಬಡ್ಡಿ · ಶುಕ್ರವಾರ ಬೆಳಿಗ್ಗೆ 6:55

ಪೂರ್ತಿ ಓದಿದೆ. ಸರ್, ನನಗೆ ಬಲ ಭುಜ ಎರಡು ತಿಂಗಳಿಂದ ಮೇಲೆ ಎತ್ತಲು ಆಗುತ್ತಿಲ್ಲ, ರಾತ್ರಿ ಆ ಕಡೆ ಮಲಗಿದರೆ ಎಚ್ಚರ ಆಗುತ್ತದೆ. ನಾಲ್ಕು ಸಲ ಕಪ್ ಇಡಿಸಿದ್ದೇನೆ.

ಫಿಸಿಯೋ ಮೈಸೂರು · 7:20

ಐದನೇ ಸಲ ಬೇಡ. ಹೊಸ ಚರ್ಚೆ ತೆರೆಯಿರಿ. ವಯಸ್ಸು, ಸಕ್ಕರೆ ಕಾಯಿಲೆ ಇದೆಯಾ, ಬಿದ್ದಿದ್ದಿರಾ, ಕೈಯನ್ನು ಬೇರೆಯವರು ಎತ್ತಿದರೆ ಏಳುತ್ತದಾ ಇಲ್ಲವಾ, ಇಷ್ಟು ಬರೆಯಿರಿ. ಸಂಜೆ ಕ್ಲಿನಿಕ್ ಮುಗಿಸಿ ನೋಡುತ್ತೇನೆ.